ಇಪ್ಪತ್ತರಲ್ಲಿ ಒಂದು ತೋಟಾ ಖಾಲಿ

‘ಅಷ್ಟು ದೂರ ಹೋಗಿ ಇದನ್ನ ಕಲಿತ್ಯೇನೇ?’

ವಿಡಿಯೊ ಕಾಲ್‌ನಲ್ಲಿ ನನ್ನ ಕೈಯಲ್ಲಿದ್ದ ಹಿತ್ತಾಳೆಯ ಖಾಲಿ ತೋಟಾ ನೋಡಿ ಅಮ್ಮ ಕೇಳಿದ ಮೊದಲ ಪ್ರಶ್ನೆ ಅದು. ಅಮ್ಮನ ತಪ್ಪೇನಿಲ್ಲ ಬಿಡಿ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯೋಕೆ ಅಂತ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ ಮಗಳು, ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಕೂತು ರೈಫಲ್ ತೋಟಾಕ್ಕೆ ಮದ್ದು ತುಂಬುತ್ತಿದ್ದರೆ ಯಾವ ತಾಯಿಗಾದರೂ ಗಾಬರಿಯೇ.

ಆದರೆ ಈ ಕೆಲಸ ನಮ್ಮ ಮನೆಗೆ ಹೊಸದೇನಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಬೆಳೆ ರಕ್ಷಣೆಗೆ ಅಂತ ಪರವಾನಗಿ ಪಡೆದ ಕೇಪಿನ ಕೋವಿಯೊಂದು ಅಜ್ಜನ ಹತ್ತಿರ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರೋದು, ಮುಗಿದ ಮೇಲೆ ಮತ್ತೆ ಹೋಗಿ ತರೋದು. ಮಂಗಗಳ ಹಿಂಡು ತೋಟಕ್ಕೆ ಇಳಿದಾಗ ಅಜ್ಜ ಜಗಲಿಯಲ್ಲಿ ಕೂತು ನಳಿಗೆಗೆ ಅಳತೆಯ ಮಸಿ ಸುರಿದು, ತೆಂಗಿನ ನಾರು ತುರುಕಿ, ಉದ್ದನೆಯ ಗಜದಿಂದ ಜಡಿಯುತ್ತಿದ್ದರು. ಆಮೇಲೆ ಆಕಾಶಕ್ಕೊಂದು ಈಡು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ತಲೆಯೆತ್ತದೆ ‘ಶ್!’ ಅಂದುಬಿಡುತ್ತಿದ್ದರು. ಆಯುಧಪೂಜೆಯ ದಿನ ಕೋವಿಗೆ ಅರಿಶಿನ ಕುಂಕುಮ ಹಚ್ಚುವ ಕೆಲಸ ನನ್ನದು. ಕೈಗೆತ್ತಿಕೊಳ್ಳುವ ಹಕ್ಕು ಮಾತ್ರ ಅಣ್ಣನದು.

ಅದು ನನ್ನ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಕೂತಿತ್ತು ಅನ್ಸುತ್ತೆ.

ಕಿತ್ತಳೆ ಬಣ್ಣದ ಊರು

ನವೆಂಬರ್ ಕೊನೆಗೆ ವಿಸ್ಕಾನ್ಸಿನ್‌ಗೆ ಬಂದವರಿಗೆ ಮೊದಲು ಕಾಣೋದೇ ಕಿತ್ತಳೆ ಬಣ್ಣ. ಪೆಟ್ರೋಲ್ ಬಂಕ್, ಹೋಟೆಲ್, ದಿನಸಿ ಅಂಗಡಿ, ಎಲ್ಲಿ ನೋಡಿದರೂ ಹೊಳೆಯುವ ಕಿತ್ತಳೆ ಜಾಕೆಟ್ ತೊಟ್ಟವರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಇಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಕಾಲ. ಐದು ಲಕ್ಷಕ್ಕೂ ಹೆಚ್ಚು ಜನ ಪರವಾನಗಿ ತಗೊಳ್ಳುತ್ತಾರೆ. ಆಫೀಸಿನಲ್ಲಿ ಆ ವಾರ ಮೀಟಿಂಗ್ ಇಟ್ಟರೆ ಅರ್ಧ ಕುರ್ಚಿ ಖಾಲಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನಮಗೆ ಇದೆಲ್ಲ ವಿಚಿತ್ರ. ಬೇಟೆ ಅಂದರೆ ಅಪರಾಧ ಅಂತಲೇ ಬೆಳೆದವರು ನಾವು. ಇಲ್ಲಿ ಬಿಳಿಬಾಲದ ಜಿಂಕೆ ಎಷ್ಟು ಹೆಚ್ಚಿವೆ ಅಂದರೆ, ಯಾವ ಜಿಲ್ಲೆಯಲ್ಲಿ ಎಷ್ಟು ಹೆಣ್ಣು ಜಿಂಕೆ ಹೊಡೆಯಬಹುದು ಅಂತ ಸರ್ಕಾರವೇ ಲೆಕ್ಕ ಹಾಕಿ ಅನುಮತಿ ಕೊಡುತ್ತೆ. ನನ್ನ ಕಾರಿನ ಮುಂದೆಯೇ ಎರಡು ಸಲ ಜಿಂಕೆ ಹಾರಿದೆ.

ಪಕ್ಕದ ಮನೆಯವರು ಎಪ್ಪತ್ತು ದಾಟಿದ ಹಿರಿಯರು, ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಅವರನ್ನು ಮನಸ್ಸಿನಲ್ಲಿ ನಾನು ಕರೆಯೋದು ತಾತ ಅಂತಲೇ. ಒಂದು ಚಳಿಗಾಲ ನನ್ನ ಮನೆ ಮುಂದಿನ ಹಿಮ ತೆಗೆದುಕೊಟ್ಟರು. ನಾನು ಬಿಸಿಬೇಳೆಬಾತ್ ಕೊಟ್ಟೆ. ಅವರು ಜಿಂಕೆ ಮಾಂಸದ ಸಾಸೇಜ್ ಕೊಟ್ಟರು. ಹಾಗೆ ಶುರುವಾಯಿತು.

ಪರವಾನಗಿ ಸುಲಭವಾಗಿ ಸಿಗಲಿಲ್ಲ. ಎಚ್-1ಬಿ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ಆ ಪರವಾನಗಿಗೆ ಮೊದಲು ಸುರಕ್ಷತಾ ತರಬೇತಿ ಆಗಬೇಕು. 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದ ಎಲ್ಲರಿಗೂ ವಿಸ್ಕಾನ್ಸಿನ್‌ನಲ್ಲಿ ಇದು ಕಡ್ಡಾಯ. ಹನ್ನೆರಡು ವರ್ಷದ ಹುಡುಗರ ನಡುವೆ ಕೂತು ನಾನೂ ಬಾಯಿಪಾಠ ಮಾಡಿದೆ: ಎಲ್ಲ ಬಂದೂಕನ್ನೂ ಗುಂಡು ತುಂಬಿದೆ ಅಂತಲೇ ತಿಳಿ; ನಳಿಗೆಯ ಬಾಯಿ ಯಾವಾಗಲೂ ಸುರಕ್ಷಿತ ದಿಕ್ಕಿಗಿರಲಿ; ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡ್ಕೋ; ಹೊಡೆಯುವ ಗಳಿಗೆಯವರೆಗೂ ಬೆರಳು ಟ್ರಿಗರ್ ಹತ್ತಿರ ಹೋಗಬಾರದು.

ತೋಟಾ ನಾನೇ ಯಾಕೆ ಮಾಡಬೇಕು?

ಎರಡು ಕಾರಣ. ಮೊದಲನೆಯದು, ಅದು 2021. ಕೋವಿಡ್ ಕಾಲದಲ್ಲಿ ಅಮೆರಿಕದಾದ್ಯಂತ ತೋಟಾಗಳಿಗೆ ಬರ ಬಂದಿತ್ತು. ಅಂಗಡಿಯ ಶೆಲ್ಫ್‌ಗಳು ಖಾಲಿ.

ಎರಡನೆಯದು ನನ್ನ ಭುಜ. ತಾತ ಕೊಟ್ಟ ರೈಫಲ್ಲು .308 ವಿಂಚೆಸ್ಟರ್ ತೋಟಾದ್ದು. 1952ರಲ್ಲಿ ಬಂದ, ಜಿಂಕೆ ಬೇಟೆಗೆ ಹೇಳಿಮಾಡಿಸಿದಂಥ ಅಳತೆ. ಆದರೆ ಐವತ್ತು ಕೆ.ಜಿ. ತೂಗುವ ನನಗೆ ಅದರ ಒದೆತ ಜೋರು. ಐದನೇ ಗುಂಡಿಗೆ ನಾನು ಟ್ರಿಗರ್ ಎಳೆಯೋ ಮುಂಚೆಯೇ ಕಣ್ಣು ಮುಚ್ಚುತ್ತಿದ್ದೆ.

‘ಹೀಗೆ ಹೊಡೆದರೆ ಜಿಂಕೆ ಸಾಯಲ್ಲ, ಗಾಯ ಮಾಡಿಕೊಂಡು ಕಾಡು ಸೇರುತ್ತೆ. ಅಲ್ಲಿ ಎರಡು ದಿನ ನರಳುತ್ತೆ’ ಅಂದರು ತಾತ. ‘ನಿನ್ನ ಭುಜಕ್ಕೆ ಒಗ್ಗುವ ತೋಟಾ ನೀನೇ ಮಾಡ್ಕೋ. ನಾನು ತೋರಿಸ್ತೀನಿ.’

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳೋದಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಬೇರೆ ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ಭಾರತದಲ್ಲಿ ಹಾಗಲ್ಲ. ಪರವಾನಗಿ ಇಲ್ಲದೆ ತೋಟಾ ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಊರಲ್ಲಿ ಯಾರೂ ಇದನ್ನು ಓದಿ ಕೈ ಹಾಕಬೇಡಿ.

ನಾಲ್ಕೇ ವಸ್ತು

ಒಂದು ತೋಟಾದಲ್ಲಿ ಇರೋದು ನಾಲ್ಕೇ ವಸ್ತು. ಹಿತ್ತಾಳೆಯ ಕೇಸು. ಅದರ ತಳದಲ್ಲಿ ಪ್ರೈಮರ್, ಅಂದರೆ ಅಜ್ಜನ ಭಾಷೆಯಲ್ಲಿ ಕೇಪು. ಒಳಗೆ ಮದ್ದು. ಬಾಯಲ್ಲಿ ಗುಂಡು. ಒಂದು ಸಲ ಹೊಡೆದ ಮೇಲೆ ಪ್ರೈಮರ್, ಮದ್ದು, ಗುಂಡು ಮೂರೂ ಮುಗಿದವು. ಉಳಿಯೋದು ಹಿತ್ತಾಳೆ ಮಾತ್ರ. ನಾಲ್ಕರಲ್ಲಿ ಮತ್ತೆ ಬಳಸಬಹುದಾದ್ದು ಅದೊಂದೇ.

ಆದರೆ ಹೊಡೆದಾಗ ಆ ಹಿತ್ತಾಳೆ ಉಬ್ಬಿರುತ್ತೆ. ಯಾಕೆ ಅಂತೀರಾ? ನಿಮ್ಮ ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ 33 ಪಿಎಸ್‌ಐ ಆಸುಪಾಸು. .308 ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ 62,000 ಪಿಎಸ್‌ಐ. ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ! ತಾತ ಈ ಎರಡು ಅಂಕಿ ಹೇಳಿ, ನನ್ನ ಮುಖ ನೋಡಿ, ಆಮೇಲೆಯೇ ಪಾಠ ಶುರು ಮಾಡಿದ್ದು.

ಮೊದಲ ಕೆಲಸ ಕೇಸು ತೊಳೆಯೋದು. ಒಣಗಿದ ಜೋಳದ ದಿಂಡಿನ ಪುಡಿಯಲ್ಲಿ ಹಾಕಿ ಯಂತ್ರದಲ್ಲಿ ಗಂಟೆಗಟ್ಟಲೆ ಅಲ್ಲಾಡಿಸಿದರೆ ದೀಪಾವಳಿಗೆ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆ ಥರ ಹೊಳೆಯುತ್ತೆ. ಆಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಕತ್ತಿನಲ್ಲಿ ಸೀಳು ಬಿಟ್ಟಿದ್ದರೆ ಕಸಕ್ಕೆ. ತಳದಿಂದ ಸ್ವಲ್ಪ ಮೇಲೆ ಬಿಳಿಚಿದ ಉಂಗುರದಂಥ ಗೆರೆ ಕಂಡರೆ ಅದೂ ಕಸಕ್ಕೆ, ಯಾಕಂದರೆ ಒಳಗೆ ಹಿತ್ತಾಳೆ ತೆಳುವಾಗಿದೆ ಅಂತರ್ಥ. ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೆ ಆಡಿಸಿದರೆ ಆ ತಗ್ಗು ಬೆರಳಿಗೇ ಗೊತ್ತಾಗುತ್ತೆ.

ಆಮೇಲೆ ಪ್ರೆಸ್. ನಮ್ಮನೆ ಶಾವಿಗೆ ಒರಳಿನ ನೆಂಟನಂಥ ಯಂತ್ರ, ಮೇಜಿಗೆ ಬೋಲ್ಟ್ ಹಾಕಿ ಕೂರಿಸಿರ್ತಾರೆ. ಹಿಡಿ ಒತ್ತಿದರೆ ಕೇಸು ಉಕ್ಕಿನ ಅಚ್ಚಿನೊಳಗೆ ಹೋಗಿ ಮೊದಲಿನ ಅಳತೆಗೆ ಬರುತ್ತೆ. ಸುಟ್ಟ ಪ್ರೈಮರ್ ಕೆಳಗೆ ಟಪ್ ಅಂತ ಬೀಳುತ್ತೆ. ಒತ್ತುವ ಮುಂಚೆ ಕೇಸಿಗೆ ತೆಳ್ಳಗೆ ಜಿಡ್ಡು ಸವರಬೇಕು. ಜಿಡ್ಡು ಹೆಚ್ಚಾದರೆ ಹೆಗಲಲ್ಲಿ ತಗ್ಗು ಬೀಳುತ್ತೆ. ಕಮ್ಮಿಯಾದರೆ? ನನ್ನ ಮೊದಲ ದಿನದ ಮೂರನೇ ಕೇಸು ಅಚ್ಚಿನಲ್ಲಿ ಕಚ್ಚಿಕೊಂಡು ಕೂತುಬಿಡ್ತು. ಅದನ್ನು ಕೊರೆದು ಎಳೆಯೋದರಲ್ಲೇ ಸಂಜೆ ಕಳೀತು. ತಾತ ಬೈಯಲಿಲ್ಲ, ‘ಎಲ್ಲರಿಗೂ ಒಂದು ಸಲ ಆಗುತ್ತೆ’ ಅಂದರು ಅಷ್ಟೇ.

ಒತ್ತಿದಾಗ ಹಿತ್ತಾಳೆ ಉದ್ದವೂ ಆಗುತ್ತೆ. .308 ಕೇಸು 51.18 ಮಿ.ಮೀ. ದಾಟುವಂತಿಲ್ಲ. ದಾಟಿದರೆ ಬಾಯಿ ಮುಂದೆ ಒತ್ತಿಕೊಂಡು ಗುಂಡನ್ನು ಕಚ್ಚಿ ಹಿಡಿಯುತ್ತೆ, ಒತ್ತಡ ಏರುತ್ತೆ. ಅದಕ್ಕೇ ಪ್ರತಿ ಕೇಸನ್ನೂ ಕ್ಯಾಲಿಪರ್‌ನಲ್ಲಿ ಅಳೆದು, ಹೆಚ್ಚಿದ್ದದ್ದನ್ನು ಕತ್ತರಿಸಿ, ಅಂಚಿನ ಗರಗು ತೆಗೀಬೇಕು.

ಅರ್ಧ ಗುಲಗಂಜಿ

ಇಷ್ಟೆಲ್ಲ ಆದ ಮೇಲೆ ಮದ್ದು. ಇಲ್ಲಿ ತೂಕದ ಲೆಕ್ಕ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧ ತೂಕ. ತಕ್ಕಡಿಯಲ್ಲಿ ಅದರ ಹತ್ತನೇ ಒಂದು ಭಾಗದವರೆಗೂ ನೋಡಬೇಕು.

ಎಷ್ಟು ಹಾಕಬೇಕು ಅನ್ನೋದು ನಮ್ಮ ಅಂದಾಜಿಗೆ ಬಿಟ್ಟದ್ದಲ್ಲ. ಅದಕ್ಕೆ ಅಂತಲೇ ಪುಸ್ತಕಗಳಿವೆ. ಯಾವ ಗುಂಡಿಗೆ ಯಾವ ಮದ್ದು, ಎಷ್ಟರಿಂದ ಶುರು, ಎಷ್ಟಕ್ಕೆ ನಿಲ್ಲಿಸು ಅಂತ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ ಅಚ್ಚು ಹಾಕಿದ್ದು. ನಾನು ತಾಮ್ರದ ಗುಂಡು ಆರಿಸಿಕೊಂಡಿದ್ದೆ. ಸೀಸದ ಗುಂಡು ಮೈಯೊಳಗೆ ಚೂರಾಗಿ ಮಾಂಸದಲ್ಲಿ ಉಳಿಯಬಹುದು ಅನ್ನೋ ಭಯ. ‘ತೂಕ ಒಂದೇ ಅಲ್ವಾ, ಸೀಸದ ಗುಂಡಿನ ಅಳತೆಯನ್ನೇ ಹಾಕಿದರಾಯ್ತು’ ಅಂದೆ. ತಾತ ಪುಸ್ತಕ ಮುಚ್ಚಿಬಿಟ್ಟರು. ಸೀಸಕ್ಕಿಂತ ತಾಮ್ರ ಹಗುರ, ಹಾಗಾಗಿ ಅದೇ ತೂಕದ ಗುಂಡು ಉದ್ದ ಇರುತ್ತೆ. ಕೇಸಿನೊಳಗೆ ಜಾಗ ತಿನ್ನುತ್ತೆ, ಒತ್ತಡ ಬದಲಾಗುತ್ತೆ. ಆ ಗುಂಡಿಗೆ ಅದರದೇ ಪುಟ ಹುಡುಕು ಅಂದರು. ಕೊನೆಗೆ ಹಗುರವಾದ ಒಂದು ಗುಂಡು, ಅದರ ಪುಟದಲ್ಲಿದ್ದ ಆರಂಭದ ಅಳತೆ, ಇಷ್ಟಕ್ಕೆ ನಿಂತೆವು.

ತಾತನ ಮೇಜಿನ ಕಟ್ಟುಪಾಡು ಹೀಗಿತ್ತು. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು. ಇಪ್ಪತ್ತು ಗುಳಿಯ ಮರದ ಹಲಗೆಯಲ್ಲಿ ಖಾಲಿ ಕೇಸುಗಳೆಲ್ಲ ತಲೆಕೆಳಗು. ಮದ್ದು ಹಾಕಿದ್ದು ಮಾತ್ರ ನೆಟ್ಟಗೆ. ಇಪ್ಪತ್ತೂ ಆದ ಮೇಲೆ ಟಾರ್ಚ್ ಹಿಡಿದು ಒಂದೊಂದರ ಬಾಯೊಳಗೂ ಇಣುಕಬೇಕು, ಮದ್ದು ಎಲ್ಲದರಲ್ಲೂ ಒಂದೇ ಮಟ್ಟಕ್ಕಿದೆಯಾ ಅಂತ. ಆಮೇಲಷ್ಟೇ ಗುಂಡು ಕೂರಿಸಬೇಕು.

ಆ ಫೋನ್ ಕಾಲ್

ಸೆಪ್ಟೆಂಬರ್‌ನ ಒಂದು ಶನಿವಾರ ರಾತ್ರಿ ಎಂಟು ಗಂಟೆ. ಊರಲ್ಲಿ ಭಾನುವಾರ ಬೆಳಗಿನ ಆರೂವರೆ. ತಾತ ಮನೆಯೊಳಗಿದ್ದರು. ಮೊದಲ ಸಲ ನಾನೊಬ್ಬಳೇ ಮದ್ದು ತೂಗುತ್ತಿದ್ದೆ. ಹಲಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಗಿತ್ತು. ಫೋನ್ ಬಡ್ಕೊಳ್ತು. ಅಮ್ಮ.

ಊರಿಂದ ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದರೆ ಎದೆ ಧಸಕ್ ಅನ್ನೋದು ಹೊರದೇಶದಲ್ಲಿರುವ ನಮಗೆಲ್ಲ ಗೊತ್ತೇ ಇದೆ. ಎತ್ತಿದೆ. ಅಂಥದ್ದೇನೂ ಇಲ್ಲ. ಮಳೆ ಬಿಡ್ತಿಲ್ಲ, ಅಡಿಕೆಗೆ ಕೊಳೆ ಬಂದಿದೆ, ಔಷಧಿ ಹೊಡೆಯೋಕೆ ಜನ ಸಿಗ್ತಿಲ್ಲ. ಹತ್ತು ನಿಮಿಷ ಮಾತಾಡಿ ಇಟ್ಟೆ. ಮತ್ತೆ ಕೂತೆ. ಇಪ್ಪತ್ತೂ ಮುಗಿಸಿದೆ, ಗುಂಡು ಕೂರಿಸಿದೆ, ಡಬ್ಬಿಗೆ ಹಾಕಿ ಚೀಟಿ ಅಂಟಿಸಿದೆ. ನೋಡಿ ನೋಡಿ ಖುಷಿಪಟ್ಟೆ.

ಮರುದಿನ ಬೆಳಗ್ಗೆ ಶೂಟಿಂಗ್ ರೇಂಜಿಗೆ ಹೊರಡುವಾಗ, ಶೂ ಲೇಸ್ ಕಟ್ಟುತ್ತಿದ್ದ ಕೈ ಹಾಗೇ ನಿಂತಿತು. ಟಾರ್ಚ್ ಹಾಕಿ ನೋಡಿದ್ನಾ?

ಹೇಳದೆ ಇದ್ದುಬಿಡಬಹುದಿತ್ತು. ಹೊಸಬಳು, ಮರ್ಯಾದೆ ಪ್ರಶ್ನೆ. ಕಾರು ಹತ್ತೋ ಮುಂಚೆ ಹೇಗೋ ಬಾಯಿ ಬಿಟ್ಟೆ.

‘ನೋಡಿದೆ ಅಂತ ಗೊತ್ತಿದೆಯಾ, ಇಲ್ಲ ಅನ್ನಿಸ್ತಿದೆಯಾ?’ ಕೇಳಿದರು ತಾತ.

‘ಅನ್ನಿಸ್ತಿದೆ.’

ಅವರು ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ಗ್ಯಾರೇಜಿನ ದೀಪ ಹಾಕಿದರು.

ನನ್ನ ಎಂಜಿನಿಯರ್ ಬುದ್ಧಿ ಓಡಿತು. ಇಪ್ಪತ್ತೂ ತೋಟಾ ತೂಗಿ ನೋಡೋಣ ಅಂದೆ. ತಾತ ಎರಡು ಖಾಲಿ ಕೇಸು ತೂಗಿ ತೋರಿಸಿದರು, ಅವೇ ಒಂದರಂತೆ ಒಂದಿಲ್ಲ. ಪೂರ್ತಿ ಖಾಲಿ ತೋಟಾ ಇದ್ದರೆ ತಕ್ಕಡಿ ಹೇಳಬಹುದು. ಮದ್ದು ಒಂದೆರಡು ಗ್ರೇನ್ ಆಚೀಚೆ ಆಗಿದ್ದರೆ ಹೇಳಲ್ಲ. ಇರೋದು ಒಂದೇ ದಾರಿ, ಎಲ್ಲವನ್ನೂ ಬಿಚ್ಚೋದು.

ಅದಕ್ಕೊಂದು ಪ್ಲಾಸ್ಟಿಕ್ ಸುತ್ತಿಗೆ ಇದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ, ಗಟ್ಟಿ ಮರದ ಮೇಲೆ ಬಡಿದರೆ ಗುಂಡು ಕಳಚಿ ಬರುತ್ತೆ, ಮದ್ದು ಸುತ್ತಿಗೆಯ ಹೊಟ್ಟೆಯಲ್ಲಿ ಉಳಿಯುತ್ತೆ. ಕನ್ನಡಕ ಹಾಕಿಕೊಂಡು ಬಡಿಯುತ್ತಾ ಹೋದೆ. ಬಿಚ್ಚಿದ್ದನ್ನೆಲ್ಲ ತೂಗಿದೆ. ಒಂದು, ಎರಡು, ಹತ್ತು, ಹನ್ನೆರಡು, ಎಲ್ಲ ಸರಿ. ಹದಿಮೂರನೆಯದು ಬಡಿದು ತಟ್ಟೆಗೆ ಬಗ್ಗಿಸಿದೆ. ಗುಂಡು ಬಿತ್ತು. ಮದ್ದಿನ ಒಂದು ಕಾಳೂ ಬೀಳಲಿಲ್ಲ.

ಖಾಲಿ ಇದ್ದರೆ ಏನಾಗ್ತಿತ್ತು, ಹಾರ್ತಿರಲಿಲ್ಲ ಅಷ್ಟೇ ತಾನೇ ಅಂತ ನೀವು ಕೇಳಬಹುದು. ಮದ್ದಿಲ್ಲದಿದ್ದರೂ ಪ್ರೈಮರಿಗೆ ಗುಂಡನ್ನು ನಳಿಗೆಯೊಳಕ್ಕೆ ಸ್ವಲ್ಪ ತಳ್ಳುವಷ್ಟು ಶಕ್ತಿ ಇರುತ್ತೆ. ಗುಂಡು ಅಲ್ಲೇ ಸಿಕ್ಕಿಕೊಳ್ಳಬಹುದು. ಹೊಸಬರು ‘ಇದು ಠುಸ್’ ಅಂತ ಖಾಲಿ ಕೇಸು ತೆಗೆದು ಮುಂದಿನ ತೋಟಾ ಹಾಕಿ ಹೊಡೀತಾರೆ. ಮುಂದೆ ದಾರಿ ಮುಚ್ಚಿದೆ, ಹಿಂದಿನಿಂದ 60,000 ಪಿಎಸ್‌ಐ ಆಸುಪಾಸಿನ ಒತ್ತಡ. ನಳಿಗೆ ಸಿಡಿಯೋದು ಹಾಗೆ. ಮುಖದ ಪಕ್ಕದಲ್ಲೇ.

ತಾತ ಏನೂ ಹೇಳಲಿಲ್ಲ. ಉಳಿದ ಏಳನ್ನೂ ಬಿಚ್ಚು ಅಂತ ಸನ್ನೆ ಮಾಡಿದರು. ಕೈ ನಡುಗುತ್ತಿತ್ತು. ಬಿಚ್ಚಿದೆ. ಅವೆಲ್ಲ ಸರಿಯಿದ್ದವು. ಆ ದಿನ ರೇಂಜಿಗೆ ಹೋಗಲಿಲ್ಲ. ಅವರು ಕಾಫಿ ಮಾಡಿಕೊಟ್ಟರು.

ಆಫೀಸಿನಲ್ಲಿ ನಾವು ತಪ್ಪು ಕೋಡ್ ಬರೆದರೆ ಟೆಸ್ಟ್ ಮಾಡೋಕೆ ಬೇರೆ ತಂಡ ಇರುತ್ತೆ, ಮುಂದಿನ ವಾರ ತಿದ್ದಿದ ಆವೃತ್ತಿ ಹೋಗುತ್ತೆ. ಇಲ್ಲಿ ಮಾಡೋಳೂ ನಾನೇ, ನೋಡೋಳೂ ನಾನೇ. ಜಗಲಿಯಲ್ಲಿ ಅಜ್ಜ ‘ಶ್!’ ಅಂದಿದ್ದು ಸಿಡುಕಿಗೆ ಅಂದುಕೊಂಡಿದ್ದೆ.

ಶುರು ಮಾಡುವವರಿಗೆ

ಇದನ್ನು ಕಾನೂನು ಒಪ್ಪುವ ದೇಶದಲ್ಲಿದ್ದು, ಕಲಿಯೋ ಮನಸ್ಸಿದ್ದರೆ ನನ್ನ ಅನುಭವದ ನಾಲ್ಕು ಮಾತು:

• ಮೊದಲ ಹಲವು ಸಲ ಅನುಭವಸ್ಥರ ಪಕ್ಕದಲ್ಲಿ ಕೂತು ಮಾಡಿ. ಯಾವ ವಿಡಿಯೊನೂ ನಿಮ್ಮ ಕೈ ಹಿಡಿದು ನಿಲ್ಲಿಸಲ್ಲ.

• ಅಳತೆ ಅಚ್ಚಾದ ಪುಸ್ತಕದ್ದೇ ಇರಲಿ. ಆರಂಭದ ಅಳತೆಯಿಂದ ಶುರು ಮಾಡಿ. ಪ್ರೈಮರ್ ಚಪ್ಪಟೆಯಾಗೋದು, ಬೋಲ್ಟ್ ಎತ್ತಲು ಬಿಗಿಯಾಗೋದು ಕಂಡರೆ ಅಲ್ಲೇ ನಿಲ್ಲಿಸಿ.

• ಕಣ್ಣಿಗೆ ಕನ್ನಡಕ, ಮುಗಿದ ಮೇಲೆ ಕೈಗೆ ಸೋಪು. ಸುಟ್ಟ ಪ್ರೈಮರ್‌ನ ಮಸಿಯಲ್ಲಿ ಸೀಸ ಇರುತ್ತೆ. ಮನೇಲಿ ಮಕ್ಕಳಿದ್ದರೆ ಬೀಗ ಕಡ್ಡಾಯ.

• ದುಡ್ಡು ಉಳಿಸೋಕೆ ಅಂತ ಬರಬೇಡಿ. ಪ್ರೆಸ್, ಅಚ್ಚು, ತಕ್ಕಡಿಗೆ ಹಾಕಿದ್ದು ವಾಪಸ್ ಬರೋಕೆ ವರ್ಷಗಳೇ ಬೇಕು.

ಒಂದೇ ಈಡು

ಅಕ್ಟೋಬರ್‌ನಲ್ಲಿ ಹೊಸದಾಗಿ ಮಾಡಿದ ಇಪ್ಪತ್ತನ್ನು ರೇಂಜಿನಲ್ಲಿ ಹೊಡೆದೆ. ಒದೆತ ಹಗುರಾಗಿತ್ತು, ಕಣ್ಣು ತೆರೆದೇ ಇತ್ತು. ನೂರು ಗಜ ದೂರದಲ್ಲಿ ಮೂರು ಗುಂಡು ಒಂದು ಅಂಗೈಯೊಳಗೆ ಬಿದ್ದವು. ತಾತನ ಗುಂಡುಗಳನ್ನು ಒಂದು ಬಟನ್ ಮುಚ್ಚುತ್ತೆ, ಆ ಮಾತು ಬೇರೆ.

ನವೆಂಬರ್‌ನಲ್ಲಿ ಬೇಟೆ ಶುರುವಾದ ಶನಿವಾರ, ಬಿದ್ದ ಓಕ್ ಮರದ ಹಿಂದೆ ಮೂರು ಗಂಟೆ ಕೂತೆ. ಕಾಲ್ಬೆರಳು ಇವೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ಒಂಬತ್ತರ ಸುಮಾರಿಗೆ ಒಂಟಿ ಹೆಣ್ಣು ಜಿಂಕೆ ಬಂತು. ಎಪ್ಪತ್ತು ಗಜ, ಅಡ್ಡ ನಿಂತಿತು. ಹಿಂದೆ ಮಣ್ಣಿನ ದಿಬ್ಬ. ತೋಟಾದೊಳಗೆ ಏನಿದೆ ಅಂತ ಮಾತ್ರ ನನಗೆ ಅನ್ನಿಸ್ತಿರಲಿಲ್ಲ, ಗೊತ್ತಿತ್ತು.

ಹತ್ತಿಪ್ಪತ್ತು ಹೆಜ್ಜೆ ಓಡಿ ಬಿತ್ತು. ಹತ್ತಿರ ಹೋಗಿ ಕೂತಾಗ ಮೈ ಇನ್ನೂ ಬೆಚ್ಚಗಿತ್ತು. ನನಗೆ ಅಳು ಬಂತು. ತಾತ ಟೋಪಿ ತೆಗೆದು ಕೈಲಿ ಹಿಡಿದು ಸ್ವಲ್ಪ ದೂರದಲ್ಲಿ ನಿಂತರು. ಗೆದ್ದೆ ಅನ್ನೋ ಭಾವ ಬರಲಿಲ್ಲ. ನರಳಿಸಲಿಲ್ಲ ಅನ್ನೋ ಸಮಾಧಾನ ಬಂತು.

ಮರುದಿನ ಸಂಜೆ ಐದರೊಳಗೆ ಸರ್ಕಾರದ ಲೆಕ್ಕಕ್ಕೆ ನೋಂದಾಯಿಸಬೇಕು, ಫೋನಿನಲ್ಲೇ ಮುಗೀತು. ನಮ್ಮ ಕಡೆ ಜಿಂಕೆಗಳಿಗೆ ಮೆದುಳು ಸೊರಗುವ ಒಂದು ರೋಗ ಇದೆ, ಈ ರಾಜ್ಯದಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ. ಅದಕ್ಕೇ ಸ್ಯಾಂಪಲ್ ಕೊಟ್ಟು, ಮಾಂಸವನ್ನು ಫ್ರೀಜರ್‌ನಲ್ಲಿಟ್ಟು ಕಾದೆ. ರೋಗವಿಲ್ಲ ಅಂತ ವರದಿ ಬಂದ ಭಾನುವಾರ ಕಾಳುಮೆಣಸು ಹುರಿದು ಪುಡಿ ಮಾಡಿ, ಅಮ್ಮ ಕಳಿಸಿದ್ದ ಉಪ್ಪಾಗೆ ಹುಳಿ ಹಾಕಿ ಸಾರು ಮಾಡಿದೆ, ಅಕ್ಕಿ ರೊಟ್ಟಿ ತಟ್ಟಿದೆ. ತಾತ ಎರಡು ಲೋಟ ನೀರು ಕುಡಿದು ಮೂರನೇ ರೊಟ್ಟಿ ಕೇಳಿದರು.

ಈಗಲೂ ವರ್ಷಕ್ಕೆ ಇಪ್ಪತ್ತು, ಮೂವತ್ತು ತೋಟಾ ಮಾಡ್ತೀನಿ. ಆಗ ಫೋನ್ ಅಡುಗೆಮನೆಯಲ್ಲಿರುತ್ತೆ. ಮೊದಮೊದಲು ಅಮ್ಮನಿಗೆ ಕೋಪ ಬರ್ತಿತ್ತು, ಆಮೇಲೆ ಹದಿಮೂರನೇ ತೋಟಾದ ಕಥೆ ಹೇಳಿದೆ. ಸುಮಾರು ಹೊತ್ತು ಮಾತೇ ಇಲ್ಲ.

ಈಗ ಶನಿವಾರ ರಾತ್ರಿ ಫೋನ್ ಮಾಡೋ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರುತ್ತೆ: ‘ಮಸಿ ತುಂಬ್ತಿದ್ದೀಯಾ? ಮುಗಿದ ಮೇಲೆ ನೀನೇ ಮಾಡು. ಅವಸರ ಇಲ್ಲ.’